ಚಕ್ರವರ್ತಿಯ ಗೋರಿ, ಶರಣರ ಗದ್ದುಗೆ

(ದೊಡ್ಡಬಳ್ಳಾಪುರ ತಾಲ್ಲೂಕಿನ ಮಠವೊಂದರ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಇವತ್ತು ನಾನು ಮಾತಾಡಬೇಕೆಂದಿರುವುದು ಸಮಾಧಿಯ ವಿಷಯ. ಸಂಗಮದ ದಿನ ಇದೆಂಥ ಅಪಶಕುನದ ಮಾತು ಎಂದು ಯಾರೂ ಅಂದುಕೊಳ್ಳಬಾರದು. ಶರಣರು ಸೂತಕವನ್ನೇ ಒಪ್ಪಲಿಲ್ಲ. ಹುಟ್ಟಿಗೂ ಇಲ್ಲ, ಸಾವಿಗೂ ಇಲ್ಲ. ನಾವು ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ಹಾಗಾಗಿ ಈ ಮಾತನ್ನು ಆಡಲು ಮಠಕ್ಕಿಂತ ಸರಿಯಾದ ಜಾಗ ಬೇರೆ ಇಲ್ಲ.

ಈ ವಿಷಯವನ್ನೇ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಭೂಮಿಯ ಬೆಲೆ ಏರಿದಂತೆಲ್ಲ ಊರಿನ ರುದ್ರಭೂಮಿ ಕಿರಿದಾಗುತ್ತಿದೆ. ಸುತ್ತ ಲೇಔಟು ಬಂದಿದೆ, ಹೋಗುವ ದಾರಿಗೆ ಬೇಲಿ ಬಿದ್ದಿದೆ. ಉಳಿದ ಜಾಗದಲ್ಲಿ ಕೈಯಲ್ಲಿ ಕಾಸಿರುವವರು ಗ್ರಾನೈಟಿನ ಕಟ್ಟೆ, ಮೇಲೊಂದು ಮಂಟಪ, ಸುತ್ತ ಸ್ಟೀಲಿನ ಕಂಬಿ ಹಾಕಿಸುತ್ತಿದ್ದಾರೆ. ಕೂಲಿ ಮಾಡುವ ಶರಣನ ಮನೆಯಲ್ಲಿ ಯಾರಾದರೂ ಲಿಂಗೈಕ್ಯರಾದರೆ ಅವರ ಮಕ್ಕಳು ನಾಲ್ಕು ಅಡಿ ಜಾಗಕ್ಕೆ ಊರ ಹಿರಿಯರ ಮನೆ ಬಾಗಿಲಲ್ಲಿ ನಿಲ್ಲಬೇಕಾಗಿದೆ. ಇಂಥ ಜಗಳ ನಮ್ಮ ಊರಲ್ಲೂ ಆಗಿದೆ, ನಿಮ್ಮ ಊರುಗಳಲ್ಲೂ ಆಗಿರಬಹುದು.

ಈ ಜಗಳದ ನಡುವೆಯೇ, ಕಂಪನಿ ಕೆಲಸದ ಮೇಲೆ ಚೀನಾಕ್ಕೆ ಹೋಗಿ ಬಂದಿದ್ದ ನಮ್ಮೂರ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಸಾಲುಸಾಲಾಗಿ ನಿಂತ ಮಣ್ಣಿನ ಸೈನಿಕರು. “ತಾತಾ, ಒಬ್ಬ ರಾಜನ ಸಮಾಧಿ ಕಾಯೋಕೆ ಇಷ್ಟು ಜನ! ನಮ್ಮಲ್ಲಿ ಇಂಥದ್ದು ಯಾಕಿಲ್ಲ?” ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮ್ಮ ರುದ್ರಭೂಮಿಯ ಜಗಳಕ್ಕೂ ಒಂದು ದಾರಿ ಕಂಡಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆ ಚೀನಾದ ಗೋರಿಯ ಕಥೆ. ಕ್ರಿಸ್ತಪೂರ್ವ 221ರಲ್ಲಿ ಚೀನಾದ ರಾಜ್ಯಗಳನ್ನೆಲ್ಲ ಗೆದ್ದು ಒಂದುಮಾಡಿದವನು ಚಿನ್ ಷಿ ಹುವಾಂಗ್. ಆ ದೇಶದ ಮೊದಲ ಚಕ್ರವರ್ತಿ ಅವನೇ. ಹದಿಮೂರನೆಯ ವಯಸ್ಸಿಗೆ ಪಟ್ಟಕ್ಕೆ ಬಂದವನು, ಬಂದ ಹೊಸದರಲ್ಲೇ ತನ್ನ ಗೋರಿಯ ಕೆಲಸ ಹಿಡಿಸಿದ. ಇಂದಿನ ಷಿಯಾನ್ ನಗರದ ಪೂರ್ವಕ್ಕೆ, ಲಿಷಾನ್ ಬೆಟ್ಟದ ಬುಡದಲ್ಲಿ ಆ ಗೋರಿಯಿದೆ. ಎರಡು ಸಾವಿರ ವರ್ಷಗಳ ಮಳೆ ಗಾಳಿಗೆ ಸವೆದ ಮೇಲೂ ಅದರ ಮೇಲಿನ ಮಣ್ಣಿನ ದಿಬ್ಬ ಸುಮಾರು 50 ಮೀಟರ್ ಎತ್ತರವಿದೆ. 1974ರಲ್ಲಿ ಬರಗಾಲ ಬಂದು, ಹತ್ತಿರದ ಹಳ್ಳಿಯ ರೈತರು ಬಾವಿ ತೋಡುವಾಗ ಹಾರೆಗೆ ಮಣ್ಣಿನ ತಲೆಯೊಂದು ಸಿಕ್ಕಿತು. ಹಾಗೆ ಹೊರಬಂದದ್ದು ಆ ಸೈನ್ಯ. ಆಳೆತ್ತರದ ಎಂಟು ಸಾವಿರದಷ್ಟು ಸೈನಿಕರು, ಕುದುರೆಗಳು, ರಥಗಳು ಅಲ್ಲಿವೆ ಎಂದು ಅಂದಾಜು. ಹೆಚ್ಚಿನವು ಇನ್ನೂ ಮಣ್ಣಿನೊಳಗೇ ಇವೆ. ಒಬ್ಬನ ಮುಖದಂತೆ ಇನ್ನೊಬ್ಬನ ಮುಖವಿಲ್ಲ. 1987ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ನೋಡಿದವರು ಬೆರಗಾಗುತ್ತಾರೆ. ಆಗಲೇಬೇಕು. ಆದರೆ ಅದನ್ನು ಕಟ್ಟಿದವರು ಯಾರು? ಚಕ್ರವರ್ತಿ ಸತ್ತು ನೂರು ವರ್ಷದ ನಂತರ ಬರೆದ ಚೀನಾದ ಚರಿತ್ರೆಕಾರ ಸಿಮಾ ಚಿಯೆನ್ ಏಳು ಲಕ್ಷ ಜನರನ್ನು ಆ ಕೆಲಸಕ್ಕೆ ದೂಡಲಾಗಿತ್ತು ಎನ್ನುತ್ತಾನೆ. ದಂಡ ಕಟ್ಟಲಾಗದವರು, ಸಾಲ ತೀರಿಸಲಾಗದವರು, ಸೋತ ರಾಜ್ಯಗಳಿಂದ ಹಿಡಿದು ತಂದವರು. ಗೋರಿಯ ಪಡುವಣಕ್ಕೆ ಅಂಥ ಕೂಲಿಗಳನ್ನು ಹೂತ ಜಾಗವೂ ಸಿಕ್ಕಿದೆ. ಕೆಲವರ ಹೆಣದ ಜೊತೆ ಒಡೆದ ಹಂಚಿನ ಚೂರು. ಅದರ ಮೇಲೆ ಗೀಚಿದ ಹೆಸರು, ಊರು. ಅವರಿಗೆ ಸಿಕ್ಕ ಸಮಾಧಿಯ ಕಲ್ಲು ಅಷ್ಟೇ.

ಸಿಮಾ ಚಿಯೆನ್ ಇನ್ನೂ ಹೇಳುತ್ತಾನೆ. ಗೋರಿಯ ಒಳಗೆ ಪಾದರಸದ ನದಿಗಳನ್ನು ಹರಿಸಿದ್ದರು. ಮಕ್ಕಳಾಗದ ರಾಣಿವಾಸದ ಹೆಂಗಸರನ್ನು ಚಕ್ರವರ್ತಿಯ ಜೊತೆಗೇ ಸಾಯಿಸಿದರು. ಒಳಗಿನ ಗುಟ್ಟು ಬಲ್ಲ ಕುಶಲಕರ್ಮಿಗಳು ಕೆಲಸ ಮುಗಿಸಿ ಹೊರಬರುವ ಮೊದಲೇ ಬಾಗಿಲು ಮುಚ್ಚಿಬಿಟ್ಟರು. ದಿಬ್ಬದ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅಲ್ಲಿ ಪಾದರಸದ ಅಂಶ ಮಾಮೂಲಿಗಿಂತ ಬಹಳ ಹೆಚ್ಚಾಗಿ ಕಂಡಿದೆ.

ಆ ಸೈನಿಕರ ಮೈಮೇಲೆ ಅಲ್ಲಲ್ಲಿ ಅವನ್ನು ಮಾಡಿಸಿದ ಕುಂಬಾರರ ಹೆಸರುಗಳಿವೆ. ಮೊದಲು ಓದಿದಾಗ ನನಗೆ ಸಂತೋಷವಾಯಿತು, ಕಾಯಕದವನ ಹೆಸರು ಉಳಿಯಿತಲ್ಲ ಎಂದು. ಮುಂದೆ ಓದಿದರೆ, ಆ ಹೆಸರು ಬರೆಸುತ್ತಿದ್ದುದು ಕೆಲಸದಲ್ಲಿ ಊನ ಕಂಡರೆ ಯಾರನ್ನು ಹಿಡಿಯಬೇಕೆಂದು ತಿಳಿಯಲು. ನಮ್ಮಲ್ಲೂ ಒಬ್ಬ ಕುಂಬಾರನ ಹೆಸರು ನೂರಾರು ವರ್ಷಗಳಿಂದ ಉಳಿದಿದೆ. ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದ ಎಂದು ಹರಿಹರ ಕವಿ ಅವನ ಮೇಲೆ ರಗಳೆಯನ್ನೇ ಬರೆದ. ಅಲ್ಲಿ ಕುಂಬಾರನ ಹೆಸರು ಶಿಕ್ಷೆಗೆ ಗುರುತು. ಇಲ್ಲಿ ಅದು ಕಾಯಕಕ್ಕೆ ಸಂದ ಗೌರವ.

ಇಷ್ಟೆಲ್ಲ ಮಾಡಿಸಿದ ಚಕ್ರವರ್ತಿಗೆ ಸಾಯುವುದು ಬೇಕಿರಲಿಲ್ಲ. ಅಮೃತ ತರುತ್ತೇವೆಂದವರನ್ನು ಕಡಲಾಚೆ ಕಳಿಸಿದ. ಅದು ಸಿಗಲಿಲ್ಲ. ಕ್ರಿಸ್ತಪೂರ್ವ 210ರ ಬೇಸಿಗೆಯಲ್ಲಿ, ರಾಜಧಾನಿಯಿಂದ ದೂರ, ಪ್ರವಾಸದ ದಾರಿಯಲ್ಲಿ ಸತ್ತ. ಸುದ್ದಿ ಹೊರಬಿದ್ದರೆ ಅಧಿಕಾರ ಕೈ ತಪ್ಪುತ್ತದೆಂದು ಮಂತ್ರಿಗಳು ಅದನ್ನು ಮುಚ್ಚಿಟ್ಟರು. ಹೆಣದ ನಾತ ತಿಳಿಯದಿರಲೆಂದು ಮೆರವಣಿಗೆಯಲ್ಲಿ ಮೀನಿನ ಗಾಡಿಗಳನ್ನು ಸೇರಿಸಿದರು. ಮರುವರ್ಷವೇ ದಂಗೆ ಎದ್ದಿತು. ನಾಲ್ಕು ವರ್ಷ ತುಂಬುವುದರೊಳಗೆ ಆ ವಂಶವೇ ಇರಲಿಲ್ಲ. ಎಂಟು ಸಾವಿರ ಮಣ್ಣಿನ ಸೈನಿಕರು ಅಲ್ಲೇ ನಿಂತಿದ್ದರು.

ಚೀನಾದವರೆಲ್ಲ ಹೀಗೇ ಎಂದು ನಾವು ಮೂಗು ಮುರಿಯಬಾರದು. ಅದೇ ಷಿಯಾನ್ ಬಳಿ, ಐವತ್ತು ಚಿಲ್ಲರೆ ವರ್ಷಗಳ ಮೇಲೆ, ಹಾನ್ ವಂಶದ ವೆನ್ ಎಂಬ ಚಕ್ರವರ್ತಿ ತೀರಿಕೊಂಡ. ತನ್ನ ಗೋರಿಯಲ್ಲಿ ಚಿನ್ನ ಬೆಳ್ಳಿ ಇಡಬೇಡಿ, ಮಣ್ಣಿನ ಪಾತ್ರೆ ಸಾಕು. ಮೇಲೆ ದಿಬ್ಬ ಏರಿಸಬೇಡಿ. ರಾಣಿವಾಸದ ಹೆಂಗಸರನ್ನು ಅವರವರ ಮನೆಗೆ ಕಳಿಸಿಕೊಡಿ. ಜನರ ಮೇಲೆ ದೀರ್ಘ ಶೋಕಾಚರಣೆ ಹೇರಬೇಡಿ ಎಂದು ಅಪ್ಪಣೆ ಮಾಡಿದ್ದ. ಒಳ್ಳೆಯದು ಎಲ್ಲಿದ್ದರೂ ನಮ್ಮದೇ.

ನಮ್ಮ ಊರು ನೇಕಾರರ ಊರು. ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವರು ನಾವು. ಆದ್ದರಿಂದ ಇದನ್ನೂ ಹೇಳಬೇಕು. ಬೀಜಿಂಗ್ ಹತ್ತಿರ ಮಿಂಗ್ ವಂಶದ ಹದಿಮೂರು ಚಕ್ರವರ್ತಿಗಳ ಗೋರಿಗಳಿವೆ. ಅದರಲ್ಲಿ ವಾನ್ಲಿ ಎಂಬುವನದನ್ನು 1956ರಿಂದ ಅಗೆಯತೊಡಗಿದರು. ಒಳಗೆ ಥಾನುಗಟ್ಟಲೆ ರೇಷ್ಮೆ ಇತ್ತು. ಮೂರು ನಾಲ್ಕು ಶತಮಾನ ಕತ್ತಲಲ್ಲಿದ್ದ ಆ ರೇಷ್ಮೆ ಹೊರಗಿನ ಗಾಳಿ ಬೆಳಕು ತಾಗಿದ್ದೇ ಬಣ್ಣ ಕೆಟ್ಟು, ಪೆಡಸಾಗಿ ಹಾಳಾಯಿತು. ಒಂದು ಸೀರೆ ನೇಯಲು ಎಷ್ಟು ಬೆನ್ನುನೋವು ಎಂದು ನಿಮಗೆ ಗೊತ್ತು. ಯಾರ ಮೈಯನ್ನೂ ಮುಚ್ಚದೆ ಕೊಳೆತ ರೇಷ್ಮೆ ಅದು.

ಇನ್ನು ಹುಡುಗನ ಪ್ರಶ್ನೆ. ನಮ್ಮಲ್ಲಿ ರಾಜರ ಸಮಾಧಿಗಳಿಲ್ಲವೇ? ಇವೆ. ನಮ್ಮ ದೇವನಹಳ್ಳಿ ತಾಲ್ಲೂಕಿನ ಆವತಿಯಿಂದ ಕವಲೊಡೆದ ನಾಡಪ್ರಭುಗಳ ಮನೆತನದಲ್ಲೇ ಬೆಂಗಳೂರು ಕಟ್ಟಿದ ಕೆಂಪೇಗೌಡರು ಹುಟ್ಟಿದರು. ಅವರ ಸಮಾಧಿಯೆಂದು ಗುರುತಿಸಿದ ಕಲ್ಲುಮಂಟಪ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ. ನಾಡಿನ ಗಮನ ಅದರತ್ತ ಹೋದದ್ದು 2015ರಲ್ಲಿ. ಅಲ್ಲಿಯವರೆಗೆ ಆ ಮಂಟಪ ನಮಗೆ ಗೊತ್ತಿರಲಿಲ್ಲ, ಆದರೆ ಅವರ ಹೆಸರನ್ನು ಯಾರೂ ಮರೆತಿರಲಿಲ್ಲ. ಕೆರೆ, ಪೇಟೆಗಳು ಆ ಹೆಸರನ್ನು ಹೊತ್ತಿದ್ದವು.

ಲಿಂಗವಂತ ಅರಸರ ಸಮಾಧಿಗಳನ್ನು ನೋಡಬೇಕಾದರೆ ಮಡಿಕೇರಿಗೆ ಹೋಗಬೇಕು. ಹೋದ ವರ್ಷ ನಮ್ಮೂರಿನ ಕೆಲವು ಕುಟುಂಬದವರು ಸೇರಿ, ಬುತ್ತಿ ಕಟ್ಟಿಕೊಂಡು, ಬಸ್ಸು ಮಾಡಿಕೊಂಡು ಹೋಗಿದ್ದೆವು. ಪಟ್ಟಣದ ಉತ್ತರ ತುದಿಯ ದಿಬ್ಬದ ಮೇಲೆ ಕೊಡಗಿನ ರಾಜರ ಗದ್ದುಗೆಗಳಿವೆ. ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಸಣ್ಣ ಗೋಪುರಗಳು, ಗೋಪುರಗಳಲ್ಲಿ ನಂದಿ, ಕಿಟಕಿಗಳಿಗೆ ಹಿತ್ತಾಳೆಯ ಸರಳುಗಳು, ಒಳಗೆ ಲಿಂಗ. ಬಸ್ಸಿನಿಂದ ಇಳಿದ ತಾಯಿಯೊಬ್ಬರು, “ಇದೇನು, ದರ್ಗಾ ಇದ್ದ ಹಾಗೆ ಇದೆಯಲ್ಲಾ” ಎಂದರು. ನಿಜ, ಹಾಗೇ ಕಾಣುತ್ತದೆ. ಅದೇ ಊರಿನ ಓಂಕಾರೇಶ್ವರ ದೇವಸ್ಥಾನಕ್ಕೂ ಗುಮ್ಮಟವೇ ಇದೆ. ಕಟ್ಟುವ ಕಾಯಕದವನ ಕೈಚಳಕಕ್ಕೆ ಜಾತಿಯಿಲ್ಲ ಎಂಬುದನ್ನು ಅಲ್ಲಿ ಕಲಿಯಬಹುದು.

ನಡುವಿನದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹಾದೇವಮ್ಮಾಜಿಯವರದು. ಬಲಕ್ಕೆ ಲಿಂಗರಾಜೇಂದ್ರನದು, ಅದನ್ನು 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ. ಎಡಕ್ಕೆ ಅರಮನೆಯ ಗುರು ರುದ್ರಪ್ಪನವರದು, 1834ರದು. ಹತ್ತಿರದಲ್ಲೇ ಟಿಪ್ಪುವಿನ ಸೈನ್ಯದ ಎದುರು ಕಾದಿ ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನವರ ಸಮಾಧಿಗಳು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಚೀನಾದ ಚಕ್ರವರ್ತಿಯ ಜೊತೆ ಆಳುಗಳೂ ಹೆಂಗಸರೂ ಮಣ್ಣಾದರು. ಇಲ್ಲಿ ಅರಸನ ಗದ್ದುಗೆಯ ಮಗ್ಗುಲಲ್ಲಿ ಗುರುವಿಗೆ ಜಾಗ ಸಿಕ್ಕಿತು, ನಾಡಿಗಾಗಿ ಸತ್ತ ಸೇನಾನಿಗೆ ಜಾಗ ಸಿಕ್ಕಿತು. ಸೇನಾನಿ ಲಿಂಗವಂತನಲ್ಲ, ಕೊಡವ. ಇಷ್ಟರಮಟ್ಟಿಗೆ ಶರಣರ ಗಾಳಿ ಆ ಅರಮನೆಯೊಳಗೂ ಬೀಸಿತ್ತು ಎನ್ನಬಹುದು.

ಎರಡನೆಯದು ಕಹಿ. ಈ ಹಾಲೇರಿ ವಂಶದ ಮೂಲಪುರುಷ ಇಕ್ಕೇರಿಯ ಅರಸರ ಬಳಗದವನು. ಜಂಗಮ ವೇಷದಲ್ಲಿ ಕೊಡಗಿಗೆ ಬಂದು, ಜನರ ವಿಶ್ವಾಸ ಗಳಿಸಿ, ಕೊನೆಗೆ ಅರಸನಾದ ಎಂದು ಕೊಡಗಿನ ಇತಿಹಾಸ ಹೇಳುತ್ತದೆ. ಜೋಳಿಗೆ ಹಿಡಿದು ಬಂದ ಮನೆತನದ ಕೈಗೆ ಕತ್ತಿ ಬಂತು. ದೊಡ್ಡವೀರರಾಜೇಂದ್ರ ತನ್ನ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದ್ದ. ಹೆಣ್ಣುಮಗಳು ಪಟ್ಟವೇರುವುದು ಶರಣ ಧರ್ಮಕ್ಕೆ ಒಪ್ಪುವ ಮಾತೇ ಆಗಿತ್ತು. 1809ರಲ್ಲಿ ಅವನು ತೀರಿಕೊಂಡ. ಎರಡೇ ವರ್ಷದಲ್ಲಿ ತಮ್ಮ ಲಿಂಗರಾಜೇಂದ್ರ ಆ ಎಳೆಯ ಹುಡುಗಿಯನ್ನು ಸರಿಸಿ ತಾನು ಕುಳಿತ. ಅವನ ಮಗ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ದೇವಮ್ಮಾಜಿಯನ್ನೂ ಅವಳ ಕಡೆಯವರನ್ನೂ ಕೊಲ್ಲಿಸಿದರೆಂದು ಕೊಡಗಿನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಬ್ರಿಟಿಷರು ಅವನ ಬಗ್ಗೆ ತಮಗೆ ಬೇಕಾದಂತೆ ಬಣ್ಣ ಕಟ್ಟಿದ್ದೂ ಉಂಟು. ರಾಜ್ಯ ನುಂಗುವವರಿಗೆ ನೆಪ ಬೇಕಿತ್ತು. ಆದರೂ ಮನೆಯೊಳಗೇ ರಕ್ತ ಹರಿದದ್ದು ಸುಳ್ಳಾಗುವುದಿಲ್ಲ.

1834ರಲ್ಲಿ ರಾಜ್ಯ ಹೋಯಿತು. ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿ ಸರ್ಕಾರದಿಂದ ತನ್ನ ಹಣ ಬರಬೇಕೆಂದು ಅಲ್ಲಿ ವ್ಯಾಜ್ಯ ಹೂಡಿದ. 1859ರಲ್ಲಿ ಅಲ್ಲೇ ಕೊನೆಯುಸಿರೆಳೆದ. ಅಪ್ಪನಿಗೆ ಗುಮ್ಮಟ ಕಟ್ಟಿಸಿದ ಮಗನಿಗೆ ಆ ದಿಬ್ಬದ ಮೇಲೆ ಗದ್ದುಗೆಯಿಲ್ಲ. ಗುಮ್ಮಟ ನೋಡುತ್ತಾ ನಿಂತಾಗ ನನಗೆ ಕಂಡದ್ದು ಆ ಖಾಲಿ ಜಾಗ. ಕಲ್ಲು ಗಾರೆಯಿಂದ ಹೆಸರನ್ನು ಹಿಡಿದಿಡುತ್ತೇವೆ ಎನ್ನುವವರು ಒಮ್ಮೆ ಮಡಿಕೇರಿಗೆ ಹೋಗಿ ಬರಬೇಕು.

ಬಂಧುಗಳೇ, ಗದ್ದುಗೆ ಎಂಬ ಮಾತನ್ನೇ ನೋಡಿ. ಗದ್ದುಗೆ ಎಂದರೆ ಕೂರುವ ಪೀಠ. ರಾಜನಿಗೆ ಅದು ಸಿಂಹಾಸನ. ಶರಣನಿಗೆ ಅದು ಕೊನೆಯ ಆಸನ. ನಮ್ಮ ಪದ್ಧತಿ ನಿಮಗೆ ತಿಳಿದದ್ದೇ. ಕುಳಿತ ಭಂಗಿಯಲ್ಲಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆಗಳ ನಡುವೆ ಮಣ್ಣು ಕೊಡುತ್ತೇವೆ. ಗೌಡನಿಗೂ ಕೂಲಿಯವನಿಗೂ ಅಂಗೈಯಲ್ಲಿ ಇರುವುದು ಅದೇ ಲಿಂಗ. ಚಿನ್ನವಿಲ್ಲ, ಆಯುಧವಿಲ್ಲ, ಕಾವಲು ಸೈನ್ಯವಿಲ್ಲ. ನೇಮದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೆಚ್ಚುಕಡಿಮೆ ಬಂದದ್ದು ಮೇಲಿನ ಗ್ರಾನೈಟಿನಲ್ಲಿ.

ಹಾಗಾದರೆ ಎಡೆಯೂರು ಸಿದ್ಧಲಿಂಗೇಶ್ವರರ ಗದ್ದುಗೆಗೆ ನಾವು ಯಾಕೆ ಹೋಗುತ್ತೇವೆ, ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಯಾಕೆ ಇಳಿಯುತ್ತೇವೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಿದ್ಧಲಿಂಗ ಯತಿಗಳು ನಮಗೆ ಬಿಟ್ಟುಹೋದದ್ದು 701 ವಚನಗಳನ್ನು, ಚದುರಿಹೋಗಿದ್ದ ಶರಣ ಪರಂಪರೆಯನ್ನು ಮತ್ತೆ ಕೂಡಿಸಿದ ಕೆಲಸವನ್ನು. ಗದ್ದುಗೆ ಆ ಕೆಲಸದ ನೆನಪು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಐಕ್ಯಮಂಟಪ ಮುಳುಗದಂತೆ ಸುತ್ತ ಬಾವಿಯಂತೆ ಗೋಡೆ ಕಟ್ಟಿದರು, ಮೆಟ್ಟಿಲಿಳಿದು ಹೋಗಬೇಕು. ಅಲ್ಲಿ ಇಳಿಯುವವನು ಬಸವಣ್ಣನವರು ಹೇಳಿದ್ದನ್ನು ನೆನೆಯದೆ ಬರೀ ಕಲ್ಲಿಗೆ ಕೈಮುಗಿದು ಬಂದರೆ, ಅವರು ಬೇಡವೆಂದ ಸ್ಥಾವರವನ್ನೇ ಅವರ ಹೆಸರಿನಲ್ಲಿ ಪೂಜಿಸಿದಂತಾಯಿತು.

ನಮ್ಮ ಕಣ್ಣೆದುರಿನ ಇಬ್ಬರು ಮಹನೀಯರನ್ನು ನೆನೆಯೋಣ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅಂದು ಮಧ್ಯಾಹ್ನ ಮಠದ ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ಹೊರಬಂತು. ತಮ್ಮ ಸಾವಿನ ಸುದ್ದಿಯಿಂದ ಮಕ್ಕಳು ಉಪವಾಸ ಇರಬಾರದೆಂಬುದು ಬುದ್ಧಿಯವರ ಇಚ್ಛೆಯಾಗಿತ್ತು. ಚೀನಾದ ಚಕ್ರವರ್ತಿಯ ಸಾವನ್ನೂ ಮುಚ್ಚಿಟ್ಟರು, ಇವರ ಸಾವಿನ ಸುದ್ದಿಯನ್ನೂ ಕೆಲ ಹೊತ್ತು ತಡೆದರು. ಒಂದು ಕುರ್ಚಿಗಾಗಿ, ಇನ್ನೊಂದು ಮಕ್ಕಳ ತಟ್ಟೆಗಾಗಿ. ಅವರ ಗದ್ದುಗೆ ಸಿದ್ಧಗಂಗೆಯಲ್ಲಿದೆ. ಅದಕ್ಕೆ ಕಾವಲು ಯಾರು? ಅಲ್ಲಿ ದಿನವೂ ಉಣ್ಣುವ, ಓದುವ ಸಾವಿರಾರು ಮಕ್ಕಳು.

ಇನ್ನೊಬ್ಬರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. 2023ರ ಜನವರಿ 2ರಂದು ಅವರು ದೇಹ ಬಿಟ್ಟರು. 2014ರ ಗುರುಪೂರ್ಣಿಮೆಯಂದೇ ಅವರು ಬರೆದಿಟ್ಟಿದ್ದರು: ದೇಹವನ್ನು ಹೂಳದೆ ಅಗ್ನಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು. ಹೂಳುವುದು ನಮ್ಮ ಪದ್ಧತಿಯಲ್ಲವೇ ಎಂದು ಆಗ ಹಲವರು ಹುಬ್ಬೇರಿಸಿದರು. ಎಲ್ಲರೂ ಹಾಗೇ ಮಾಡಿ ಎಂದು ನಾನು ಹೇಳುವುದಿಲ್ಲ. ಅವರ ಉದ್ದೇಶ ನೋಡಿ ಎನ್ನುತ್ತೇನೆ. ಲಕ್ಷಾಂತರ ಜನ ಕಾಲಿಗೆ ಬೀಳುತ್ತಿದ್ದ, ಅಂಗಿಗೆ ಜೇಬೇ ಇಡಿಸದ ಆ ಸಂತರಿಗೆ, ತಮ್ಮ ಹಿಂದೆ ಒಂದು ಗದ್ದುಗೆ ಎದ್ದರೆ ಜನ ಮಾತನ್ನು ಬಿಟ್ಟು ಕಲ್ಲನ್ನು ಹಿಡಿಯುತ್ತಾರೆಂಬುದು ಗೊತ್ತಿತ್ತು.

ಈಗ ನಮ್ಮ ರುದ್ರಭೂಮಿಗೆ ಬರೋಣ. ಕಲ್ಲಿಗೆ ನಮ್ಮ ಕಡೆ ಬರವಿಲ್ಲ. ಕೊಯಿರಾ ಕಲ್ಲು ದೇವನಹಳ್ಳಿ ತಾಲ್ಲೂಕಿನದೇ. ಬರ ಇರುವುದು ನೆಲಕ್ಕೆ. ಲೆಕ್ಕ ನೀವೇ ಹಾಕಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಹತ್ತು ಅಡಿಗೆ ಹತ್ತು ಅಡಿಯ ಗ್ರಾನೈಟ್ ಕಟ್ಟೆ ಕಟ್ಟಿದರೆ ಒಂದು ಗುಂಟೆಗೆ ಹತ್ತು ಜನ. ಓಡಾಡಲು ದಾರಿ ಬಿಟ್ಟರೆ ಇನ್ನೂ ಕಡಿಮೆ. ಐದಡಿಗೆ ಐದಡಿ ಸಾಕೆಂದರೆ ಅದೇ ಗುಂಟೆಗೆ ನಲವತ್ತು ಜನರ ಲೆಕ್ಕ ಬರುತ್ತದೆ. ನಮ್ಮದು ಕುಳಿತ ಸಮಾಧಿ, ಮಲಗಿಸಿದಷ್ಟು ಜಾಗವೂ ಬೇಡ. ಕಲ್ಲು ಹಾಕದಿದ್ದರೆ ಕಾಲ ಕಳೆದ ಮೇಲೆ ಅದೇ ಮಣ್ಣು ಮತ್ತೊಬ್ಬರಿಗೆ ಒದಗುತ್ತದೆ. ಒಬ್ಬನ ಗ್ರಾನೈಟು ಮೂವರು ಶರಣರ ಜಾಗವನ್ನು ನುಂಗುತ್ತಿದೆ ಎಂದಾದರೆ, ಆ ಚಕ್ರವರ್ತಿಗೂ ನಮಗೂ ವ್ಯತ್ಯಾಸ ಅಳತೆಯಲ್ಲಿ ಮಾತ್ರ.

ಆದ್ದರಿಂದ ಈ ಸಂಗಮದ ಮುಂದೆ ನಾಲ್ಕು ಮಾತು ಇಡುತ್ತೇನೆ. ಒಂದು, ನಿಮ್ಮ ನಿಮ್ಮ ಊರಿನ ರುದ್ರಭೂಮಿ ಪಹಣಿಯಲ್ಲಿ ರುದ್ರಭೂಮಿ ಎಂದೇ ಇದೆಯೇ ನೋಡಿ. ಇಲ್ಲದಿದ್ದರೆ ಅರ್ಜಿ ಹಾಕಿ. ಇದ್ದರೆ ಹದ್ದುಬಸ್ತು ಮಾಡಿಸಿ, ದಾರಿಯನ್ನೂ ನಕ್ಷೆಯಲ್ಲಿ ಸೇರಿಸಿ. ಎರಡು, ಇನ್ನು ಮೇಲೆ ಎಲ್ಲರಿಗೂ ಒಂದೇ ಅಳತೆ, ಮೇಲೆ ಕಲ್ಲಿನ ಕಟ್ಟಡ ಬೇಡ. ಗುರುತು ಬೇಕಾದರೆ ಅಂಚಿನಲ್ಲೊಂದು ಬಿಲ್ವವನ್ನೋ ಹೊಂಗೆಯನ್ನೋ ನೆಡಿ. ಮೂರು, ಒಳಪಂಗಡದ ಗೆರೆ ಮಣ್ಣಿನೊಳಗೆ ಬೇಡ. ಇಷ್ಟಲಿಂಗ ಕಟ್ಟಿಕೊಂಡ ಯಾರನ್ನೂ ಅವರ ಹಿಂದಿನ ಜಾತಿ ಹಿಡಿದು ಮೂಲೆಗೆ ತಳ್ಳಬೇಡಿ. ಮಾದಾರ ಚೆನ್ನಯ್ಯನನ್ನು ಬಸವಣ್ಣನವರು ತಮ್ಮ ಹಿರಿಯನೆಂದರು. ನಾವು ಅವನ ಕುಲದವರಿಗೆ ಐದಡಿ ಮಣ್ಣು ಕೊಡಲಾರೆವೆಂದರೆ ಕೊರಳಲ್ಲಿ ಲಿಂಗವಿದ್ದು ಪ್ರಯೋಜನವೇನು? ನಾಲ್ಕು, ಕಟ್ಟೆಗೆ ಸುರಿಯುವ ಲಕ್ಷಗಟ್ಟಲೆ ಹಣವನ್ನು ನಿಮ್ಮ ತಂದೆತಾಯಿಯ ಹೆಸರಿನಲ್ಲಿ ಮಠದ ದಾಸೋಹಕ್ಕೋ, ಬಡ ಮಕ್ಕಳ ಶಾಲಾ ಶುಲ್ಕಕ್ಕೋ ಕೊಡಿ. ಕಣ್ಣು ದಾನ ಮಾಡುವ ಮನಸ್ಸಿದ್ದರೆ ಮನೆಯವರಿಗೆ ಈಗಲೇ ಹೇಳಿಡಿ. ಆರು ಗಂಟೆಯೊಳಗೆ ಆಗಬೇಕಾದ ಕೆಲಸ ಅದು.

ಈಗಾಗಲೇ ಕಟ್ಟಿರುವುದನ್ನು ಕೆಡವಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮತ್ತೊಂದು ಜಗಳ. ಅಪ್ಪ ಅಮ್ಮನ ಮೇಲಿನ ಪ್ರೀತಿಯಿಂದಲೇ ಅವನ್ನು ಕಟ್ಟಿದ್ದಾರೆ. ಆ ಪ್ರೀತಿಗೆ ಇನ್ನು ಮುಂದೆ ಬೇರೆ ದಾರಿ ತೋರಿಸೋಣ ಎನ್ನುವುದಷ್ಟೇ ನನ್ನ ಬಿನ್ನಹ. ಯಾವ ಸಮಾಧಿಯ ಮುಂದೆ ನಿಂತರೂ, ಷಿಯಾನ್ ಆಗಲಿ ಮಡಿಕೇರಿಯಾಗಲಿ ನಮ್ಮೂರ ತೋಪಿನ ಅಂಚಾಗಲಿ, ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಯಾರು ಹಸಿದರು, ಯಾರು ಉಂಡರು?

ಮುಂದಿನ ತಿಂಗಳ ಸಂಗಮಕ್ಕೆ ಬರುವಾಗ ಪ್ರತಿ ಊರಿನಿಂದ ಇಬ್ಬರು ತಮ್ಮ ರುದ್ರಭೂಮಿಯ ಪಹಣಿ ತೆಗೆಸಿಕೊಂಡು ಬನ್ನಿ. ಪೂಜ್ಯರ ಸಮ್ಮುಖದಲ್ಲಿ ಕುಳಿತು ಅಳತೆಯನ್ನು ತೀರ್ಮಾನ ಮಾಡೋಣ.